ಕ್ಯಾಮೆರಾ ನೋಡಬಾರದು

ಅವ್ವ ಸತ್ತ ಸುದ್ದಿ ಕಿವಿಗೆ ಬಿದ್ದಾಗ ಅಂಬಾದಾಸನಿಗೆ ಮೊದಲು ನೆನಪಾದದ್ದು ಅವ್ವನಲ್ಲ, ಬಿಸಿಲು. ಇನ್ನು ಹತ್ತು ನಿಮಿಷ ತಡವಾದರೆ ಇಟ್ಟಂಗಿಹಾಳದ ದಾರಿಯ ಆ ಹಾಳು ಗುಮ್ಮಟದ ನೆರಳು ನಾಯಕಿಯ ಮುಖದ ಮೇಲೆ ಬರುತ್ತದೆ, ಬಂದರೆ ಈ ಷಾಟ್ ನಾಳೆ ಮುಂಜಾನೆಗೇ ಹೋಯಿತು ಎಂಬ ಯೋಚನೆ. ಯೂನಿಟ್ಟಿನ ವ್ಯಾನು ನಡೆಸುವ ದಾವಲಸಾಬ ವಿಜಾಪುರದ ಲಾಡ್ಜಿನಿಂದ ಎಲ್ಲರ ನಾಷ್ಟಾ ತರಲು ಹೋಗಿದ್ದ. ಅಲ್ಲಿ ಕಾದು ಕೂತಿದ್ದ ಟಿಕೋಟಾದ ಮನುಷ್ಯನಿಂದ ಸುದ್ದಿ ತಿಳಿದು, ಕೈಯ ಬುಟ್ಟಿಯನ್ನು ಕೆಳಗೂ ಇಡದೆ ಕ್ಯಾಮೆರಾದ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಸಾಹೇಬ್ರ, ನಿಮ್ಮ ತಾಯಿಯವರು ನಸಕಿನ್ಯಾಗ ತೀರಿಕೊಂಡಾರಂತ್ರಿ. ಲಗೂ ಬಾ ಅಂತ ನಿಮ್ಮ ಅಕ್ಕಾರು ನಿರೋಪ ಕಳಿಸ್ಯಾರ." ಅಂಬಾದಾಸ ಕಣ್ಣನ್ನು ಕ್ಯಾಮೆರಾದ ಕಿಂಡಿಯಿಂದ ತೆಗೆಯಲೇ ಇಲ್ಲ. "ಇದೊಂದು ಷಾಟ್ ಮುಗೀಲಿ" ಎಂದ. ಮೂರು ಸಲ ತೆಗೆದರು. ಮೂರನೆಯ ಸಲ ನಾಯಕಿಯ ಕೆನ್ನೆಯ ಮೇಲೆ ಗ್ಲಿಸರಿನ್ನಿನ ಹನಿ ಎಲ್ಲಿ ಇಳಿಯಬೇಕೋ ಅಲ್ಲಿಯೇ ಇಳಿಯಿತು. ನಿರ್ದೇಶಕ ಪ್ರಲ್ಹಾದರಾಯರು ಓಡಿ ಬಂದು ಬೆನ್ನು ತಟ್ಟಿದರು. ಆಮೇಲೆ ಅವನು, ಯಾರದೋ ಮನೆಯ ಸುದ್ದಿ ಹೇಳುವವನ ಹಾಗೆ, "ಊರಾಗ ನಮ್ಮ ಸೋದರತ್ತಿ ಹೋಗ್ಯಾಳಂತ್ರಿ. ಇವತ್ತೊಂದು ದಿನ ಹೋಗಿ ಬರ್ತೇನಿ" ಎಂದ.

ಸೋದರತ್ತೆ! ಬಾಯಿ ಎಷ್ಟು ಸಲೀಸಾಗಿ ಆಡಿತು ನೋಡಿ. ಆಡದೆ ಬೇರೆ ದಾರಿಯೂ ಇರಲಿಲ್ಲ. ಕ್ಯಾಮೆರಾಮನ್ ಅಂಬಾದಾಸ ಟಿಕೋಟೇಕರನ ತಾಯಿ ಅವನು ಸಣ್ಣವನಿದ್ದಾಗಲೇ ಸತ್ತಳೆಂದು ಕೊಲ್ಲಾಪುರದ ಸ್ಟುಡಿಯೋದಲ್ಲಿ ಲೈಟು ಹೊರುವವರಿಗೂ ಗೊತ್ತಿತ್ತು. ಹೇಳಿದವನು ಅವನೇ. ಒಮ್ಮೆ ಸಾಯಿಸಿದ ತಾಯಿಯನ್ನು ಇನ್ನೊಮ್ಮೆ ಸಾಯಿಸುವುದು ಹೇಗೆ? ವ್ಯಾನು ಊರು ದಾಟಿ ಟಿಕೋಟಾದ ರಸ್ತೆ ಹಿಡಿದ ಮೇಲೆ ದಾವಲಸಾಬ ರಸ್ತೆಯನ್ನೇ ನೋಡುತ್ತ, "ನಾ ಯಾರ ಮುಂದೂ ಏನೂ ಅನ್ನೂದಿಲ್ಲ ಬಿಡ್ರಿ ಸಾಹೇಬ್ರ" ಎಂದ. ಅಂಬಾದಾಸನ ಕಿವಿ ಬಿಸಿಯಾದವು. ಅವ್ವ ಸತ್ತದ್ದಕ್ಕೆ ಬಾರದ ಸಂಕಟ ಈ ಮಾತಿಗೆ ಬಂತು. ಅದು ಬಂದದ್ದು ತಿಳಿದು ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು.

ಹೊರಗೆ ಎರೆಹೊಲಗಳು ಬಿಸಿಲಿಗೆ ಬಿರಿದು ಬಿದ್ದಿದ್ದವು. ಅವನ ಕಣ್ಣು ತನ್ನ ಪಾಡಿಗೆ ಅಳೆಯುತ್ತಿತ್ತು: ಆ ಬೇವಿನ ಮರ ಎಂಬತ್ತು ಅಡಿ, ಈ ಮೈಲುಗಲ್ಲು ಹನ್ನೆರಡು ಅಡಿ. ಎಂಟು ವರ್ಷ ಫೋಕಸ್ ಹಿಡಿದವನ ಚಟ ಅದು. ನಟಿ ಒಂದು ಹೆಜ್ಜೆ ಮುಂದೆ ಬಂದರೆ ಇವನ ಬೆರಳು ಲೆನ್ಸಿನ ಉಂಗುರವನ್ನು ಒಂದು ಕೂದಲೆಳೆ ತಿರುಗಿಸಬೇಕು, ಇಲ್ಲವಾದರೆ ಮುಖ ಮಸುಕಾಯಿತು, ಬೈಗುಳ ತಿಂದದ್ದಾಯಿತು. ಬರುಬರುತ್ತ ಅಳತೆಯ ಪಟ್ಟಿ ಹಿಡಿಯದೆಯೇ ಅಡಿ ಇಂಚು ಹೇಳುವುದು ಬಂತು, ಆದರೆ ಅಳೆಯದೆ ಮನುಷ್ಯರನ್ನು ನೋಡುವುದು ಮರೆತುಹೋಯಿತು. ಹದಿನೇಳನೆಯ ವಯಸ್ಸಿಗೆ ನಾಟಕ ಕಂಪನಿಯ ಸಾಮಾನು ಹೊತ್ತುಕೊಂಡು ಕೊಲ್ಲಾಪುರಕ್ಕೆ ಹೋದವನು ಅವನು. ಮೊದಲು ಟ್ರಾಲಿ ನೂಕಿದ, ಆಮೇಲೆ ಬಿಸಿಲಿನಲ್ಲಿ ಬೇಗಡೆಯ ಹಲಗೆ ಹಿಡಿದು ನಟಿಯರ ಮುಖಕ್ಕೆ ಬೆಳಕು ತಿರುಗಿಸಿದ. ಹೆಸರು ಬರೆಯುವವನು ಊರು ಯಾವುದೆಂದು ಕೇಳಿ ತಾನೇ 'ಟಿಕೋಟೇಕರ' ಎಂದು ಬರೆದುಕೊಂಡ. ಆ ಹೆಸರಿನಲ್ಲಿ ಊರು ಇತ್ತು, ಓಣಿ ಇರಲಿಲ್ಲ. ಯಾವ ಓಣಿ ಎಂದು ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಐವತ್ತೊಂಬತ್ತರಲ್ಲಿ ಸ್ವತಂತ್ರ ಕ್ಯಾಮೆರಾಮನ್ ಆದ. ಕಣ್ಣಿನ ಕೆಳಗಿನ ಗೆರೆಗಳನ್ನು ಲೆನ್ಸಿಗೆ ತೆಳು ಜಾಳಿಗೆಯ ಬಟ್ಟೆ ಕಟ್ಟಿ ಮುಚ್ಚುವ ವಿದ್ಯೆ ಇವನಂತೆ ಯಾರಿಗೂ ಬಾರದೆಂದು ನಲವತ್ತು ದಾಟಿದ ನಾಯಕಿಯರು ಇವನೇ ಬೇಕೆಂದರು. ಅವನು ಹುಡುಗನಿದ್ದಾಗ, ಟಿಕೋಟಾದಲ್ಲಿ ಟೆಂಟಿನ ಸಿನಿಮಾ ಬಂದರೆ, ಅವರ ಓಣಿಯವರು ಪರದೆಯ ಹಿಂದೆ ಕೂತು ನೋಡುತ್ತಿದ್ದರು. ಹಿಂದಿನಿಂದ ಎಲ್ಲವೂ ತಿರುವುಮುರುವು. ಕಥಾನಾಯಕರೆಲ್ಲ ಎಡಗೈಯವರೆಂದೇ ಅವನು ಬಹಳ ದಿನ ನಂಬಿದ್ದ. ಅವ್ವ ಮಾತ್ರ ನಡುನಡುವೆ ಎದ್ದು ಪರದೆಯನ್ನು ಮುಟ್ಟಿ ನೋಡಿ, "ಬರೇ ಅರಿಬಿ ಐತಿ ಬೇ ಇದು" ಎಂದು ನಗುತ್ತಿದ್ದಳು.

ಆ ನಗೆಯನ್ನು ಅವನು ಮತ್ತೆ ನೋಡಿದ್ದು ನಾಲ್ಕು ದಿನದ ಹಿಂದೆ, ಬಬಲೇಶ್ವರದ ಹೊರಗಿನ ಒಂದು ತೋಟದ ಬಾವಿಯಲ್ಲಿ, ಲೆನ್ಸಿನೊಳಗೆ. ವಿಜಾಪುರಕ್ಕೆ ಬಂದು ಹತ್ತು ದಿನವಾಗಿತ್ತು. ಟಿಕೋಟಾ ಹನ್ನೊಂದು ಮೈಲು. ಒಂದು ಮುಂಜಾನೆ ಹೋಗಿ ಬರಬಹುದಿತ್ತು. ಹೋಗಿರಲಿಲ್ಲ. ಅವಳು ಕೇಳಿಕೊಂಡು, ಯಾರದೋ ಬಂಡಿ ಹತ್ತಿ, ಅರ್ಧ ದಾರಿ ನಡೆದು ತಾನೇ ಬಂದಿದ್ದಳು. ಬೇಲಿಯ ಹತ್ತಿರ ಜನರ ನಡುವೆ ನಿಂತಿದ್ದಳು. ಒಂಬತ್ತು ವರ್ಷದ ಮೇಲೆ ನೋಡಿದರೂ ಆ ನಿಲ್ಲುವ ರೀತಿಯಿಂದ, ಒಂದು ಕಾಲಿನ ಮೇಲೆ ಭಾರ ಹಾಕಿ ಸೊಂಟಕ್ಕೆ ಕೈ ಕೊಟ್ಟ ರೀತಿಯಿಂದ, ಗುರುತು ಸಿಕ್ಕಿತು. ಅವನು ಬೆಳಕಿನ ಮೀಟರು ನೋಡುವ ನೆಪದಲ್ಲಿ ಬೆನ್ನು ತಿರುಗಿಸಿದ. ಅಷ್ಟರಲ್ಲಿ ಪ್ರಲ್ಹಾದರಾಯರು ಅವಳನ್ನು ಕಂಡುಬಿಟ್ಟಿದ್ದರು. "ಅಕಾ ಆ ಮುದುಕಿನ್ನ ಕರೀರಿ! ಮುಖಾ ನೋಡ್ರಿ ಮುಖಾ! ಮೆಟ್ಲಾ ಮ್ಯಾಲ ನಿಂದರಸ್ರಿ, ಕೊಡಾ ಕೊಡ್ರಿ ಕೈಯಾಗ" ಎಂದರು. ಅವ್ವ, ತಿಪ್ಪವ್ವ, ಮೆಟ್ಟಿಲಿಳಿದಳು. ಜನ್ಮದಲ್ಲಿ ಅಂಥ ಬಾವಿಯ ಮೆಟ್ಟಿಲು ಇಳಿದವಳಲ್ಲ ಅವಳು. ಮೇಲೆ ನಿಂತು, ಯಾರಾದರೂ ನೀರು ಹೊಯ್ಯಲಿ ಎಂದು ಕೊಡವನ್ನು ದೂರದಲ್ಲಿಟ್ಟು ಕಾದವಳು. ಮುಂಜಾನೆಯಷ್ಟೇ ತೋಟದ ಯಜಮಾನ ಪಾನ್ ಜಗಿಯುತ್ತ, "ಬಾವ್ಯಾಗ ಇಳಿಯಾವರು ಎಲ್ಲಾ ನಮ್ಮ ಪೈಕಿನ ಇರ್ಲಿ ನೋಡ್ರಿ. ಆಮ್ಯಾಲ ತಕರಾರು ಬ್ಯಾಡ" ಎಂದಿದ್ದ. ಅದನ್ನು ಕೇಳಿ "ಹೂಂ" ಎಂದವರಲ್ಲಿ ಅಂಬಾದಾಸನೂ ಒಬ್ಬ.

"ಯಾರೂ ಕ್ಯಾಮೆರಾ ನೋಡಬಾರದು, ಬಾವಿ ನೋಡ್ರಿ, ನೀರು ನೋಡ್ರಿ" ಎಂದು ಸಹಾಯಕ ಕೂಗಿದ. ಹೆಂಗಸರೆಲ್ಲ ನೀರು ನೋಡಿದರು. ತಿಪ್ಪವ್ವ ಹದಿನೆಂಟು ಅಡಿ ದೂರದಿಂದ ನೇರ ಕ್ಯಾಮೆರಾ ನೋಡಿದಳು. ಅದರ ಹಿಂದೆ ಯಾರ ಕಣ್ಣಿದೆಯೆಂದು ಅವಳಿಗೆ ಗೊತ್ತಿತ್ತಲ್ಲ. ಹಲ್ಲು ಬಿದ್ದ ಬಾಯಿ ತುಸು ತೆರೆದು, ಪರದೆ ಮುಟ್ಟಿದಾಗ ನಗುತ್ತಿದ್ದ ಹಾಗೆ ನಕ್ಕಳು. ಎಂಥ ಮುಖ ಅದು! ಹದಿನಾರು ವರ್ಷದಲ್ಲಿ ಅಷ್ಟು ಒಳ್ಳೆಯ ಮುಖ ಅವನ ಲೆನ್ಸಿನೊಳಗೆ ಬಂದಿರಲಿಲ್ಲ. ಒಂದೊಂದು ಗೆರೆಯ ಮೇಲೂ ಬೆಳಕು ಬಂದು ನಿಂತಿತ್ತು. ಜಾಳಿಗೆ ಬೇಕಾಗಿರಲಿಲ್ಲ, ಬೇಗಡೆಯ ಹಲಗೆ ಬೇಕಾಗಿರಲಿಲ್ಲ. ಗುಂಡಿ ಒತ್ತಿದ್ದರೆ ಆಗುತ್ತಿತ್ತು. ಅವನು ಬೇಲಿಯ ಕಡೆ ನೋಡಿದ. ಯಜಮಾನ ಪಾನ್ ಉಗುಳಿ, ಕಣ್ಣು ಕಿರಿದು ಮಾಡಿ, ಮುದುಕಿಯ ಸೀರೆ, ಕೈಯ ಹಚ್ಚೆಗಳನ್ನು ನೋಡತೊಡಗಿದ್ದ. ಯಾವ ಊರು, ಯಾರ ಪೈಕಿ ಎಂದು ಈಗ ಕೇಳುತ್ತಾನೆ. ಅವ್ವ ಸುಳ್ಳು ಹೇಳಲಾರಳು. ಅಂಬಾದಾಸ ಕ್ಯಾಮೆರಾದಿಂದ ಮುಖವೆತ್ತಿ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಆ ಮುದುಕಿ ಕ್ಯಾಮೆರಾ ನೋಡಾಕತ್ತಾಳ. ಅಕಿನ್ನ ಸರಸ್ರಿ ಅಲ್ಲಿಂದ." ಕ್ಯಾಮೆರಾಮನ್ ಹೇಳಿದ ಮೇಲೆ ಮುಗಿಯಿತು. ತಿಪ್ಪವ್ವ ಕೊಡವನ್ನು ಮೆಟ್ಟಿಲ ಮೇಲೆ ಸಪ್ಪಳವಾಗದಂತೆ ಇಟ್ಟು ಮೇಲೆ ಬಂದಳು.

ಕೆಲಸ ಮುಗಿದ ಮೇಲೂ ಅವಳು ವ್ಯಾನಿನ ಹತ್ತಿರ ನಿಂತಿದ್ದಳು. ಸುತ್ತ ಯೂನಿಟ್ಟಿನ ಮಂದಿ ಇದ್ದರು. ಎಲ್ಲಿ 'ತಮ್ಮಾ' ಎಂದುಬಿಡುತ್ತಾಳೋ ಎಂದು ಅವನು ಅವರ ಮುಖಗಳನ್ನು ನೋಡಿದ. ಅವಳು ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದಳು: "ನಾ ಕ್ಯಾಮೆರಾ ನೋಡಬಾರದಿತ್ತೇನ್ರಿ ಸಾಹೇಬ್ರ?"

"ನೋಡಬಾರದು" ಎಂದ ಅಂಬಾದಾಸ.

"ತಪ್ಪಾತ್ರಿ. ತಿಳೀಲಿಲ್ಲ ನನಗ" ಎಂದು ಅವಳು, ಸೊಂಟದಲ್ಲಿದ್ದ ಬುತ್ತಿಯ ಗಂಟನ್ನು ದಾವಲಸಾಬನ ಕೈಗೆ ಕೊಟ್ಟು ಹೋದಳು. ಸಂಜೆ ಲಾಡ್ಜಿನಲ್ಲಿ ಎಲ್ಲರೂ ಆ ಕಟಿರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ತಿಂದರು. ಯಾರ ಕೈಯ ರೊಟ್ಟಿಯೋ, ಭಾರಿ ಅದಾವ ಎಂದು ಪ್ರಲ್ಹಾದರಾಯರು ಎರಡು ಸಲ ಕೇಳಿ ಹಾಕಿಸಿಕೊಂಡರು. ಅಂಬಾದಾಸನೂ ಒಂದು ತಿಂದ. ದಾವಲಸಾಬ ಮಾತ್ರ ತಿನ್ನಲಿಲ್ಲ, ಹೊಟ್ಟೆ ಸರಿಯಿಲ್ಲವೆಂದ.

ವ್ಯಾನು ಓಣಿಯ ಬಾಯಿಗೆ ನಿಂತಿತು. ಹೆಂಗಸರ ಅಳು ಒಮ್ಮೆ ಏರಿ ಇಳಿಯಿತು. ತಂದೆಯ ಗೆಳೆಯ, ಮುದುಕ ಪರಸಪ್ಪ, ಅವನನ್ನು ತಬ್ಬಿಕೊಂಡ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಆ ದುಃಖದಲ್ಲಿಯೂ ಮುಖ ಅರಳಿಸಿ ಹೇಳಿದ: "ನಿಮ್ಮವ್ವ ಪುಣ್ಯಾ ಮಾಡಿದ್ಲು ತಮ್ಮಾ. ಬಬಲೇಶ್ವರದಿಂದ ಹೊಳ್ಳಿ ಬಂದು ಓಣಿ ಮನಿಮನಿಗೆ ಹೇಳ್ಯಾಳ. ನನ್ನ ಮಗಾ ನನ್ನ ಸಿನಿಮಾದಾಗ ತಗದಾನ, ಬಾವಿ ಮೆಟ್ಲಾ ಇಳಿಸಿ, ತಾಂಬ್ರದ ಕೊಡಾ ಹಿಡಸಿ ತಗದಾನ ಅಂತ. ಬಾವಿ ಮೆಟ್ಲಾ ಲೇ! ನಮ್ಮ ಪೈಕಿ ಯಾರ ಇಳಿದಾರ ಇವತ್ತಿನತನಕಾ? ಎಂದ ಬರ್ತೈತೋ ಅದು ಟಿಕೋಟಾಕ?" ಸುತ್ತ ನಿಂತವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು. "ಆರು ತಿಂಗಳಾಗ್ತೈತಿ ಕಾಕಾ" ಎಂದ ಅಂಬಾದಾಸ. ಅವ್ವ ಯಾಕೆ ಹಾಗೆ ಹೇಳಿದಳು? ತೆಗೆಯಲಿಲ್ಲವೆಂದು ತಿಳಿಯಲಿಲ್ಲವೇ ಅವಳಿಗೆ? ತಿಳಿದೂ ಹೇಳಿದಳೇ? ತಿಳಿದೇ ಹೇಳಿದ್ದರೆ, ಅಯ್ಯೋ, ಅದು ಇವನನ್ನು ಓಣಿಯವರ ಬಾಯಿಯಿಂದ ಉಳಿಸಲು ಹೇಳಿದ್ದು.

ಒಳಗೆ ಕತ್ತಲು. ಗೋಡೆಗೆ ಒರಗಿಸಿ ಅವ್ವನನ್ನು ಕೂರಿಸಿದ್ದರು. ಬಿಳಿ ಅರಿವೆಯಿಂದ ಗದ್ದ ಕಟ್ಟಿದ್ದರು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ, ಯಾರೋ ಎಷ್ಟು ಸಲ ಸವರಿದರೂ ಅರ್ಧ ತೆರೆದೇ ಉಳಿದಿದ್ದವು. ತಲೆಯ ಮೇಲೆ ಗೋಡೆಯಲ್ಲಿ ಬುದ್ಧನ ಚಿತ್ರದ ಹಳೆಯ ಕ್ಯಾಲೆಂಡರು. ಐವತ್ತೇಳರಲ್ಲಿ ಓಣಿಯೆಲ್ಲ ಬುದ್ಧನ ಮಾರ್ಗ ಹಿಡಿದ ವರ್ಷ ಹಾಕಿದ್ದು. ಅದೊಂದೇ ಆ ಮನೆಯಲ್ಲಿದ್ದ ಚಿತ್ರ. ಬದುಕಿದ್ದಾಗ ಫೋಟೋ ಕಾಣದವರಿಗೂ ಸತ್ತ ದಿನ ಒಂದು ಫೋಟೋ ತೆಗೆಸುವುದು ಈಚೆಗೆ ಈ ಸೀಮೆಯಲ್ಲಿ ರೂಢಿಯಾಗಿತ್ತು. ಹೆಣವನ್ನು ಕೂರಿಸಿ, ಹೂ ಹಾಕಿ, ಹಿಂದೆ ಮಕ್ಕಳು ಮೊಮ್ಮಕ್ಕಳು ಬಂಧುಬಳಗ ನಿಂತು ಒಂದು ಫೋಟೋ. ಅದಾದ ಮೇಲೆಯೇ ಹೆಣ ಎತ್ತುವುದು. ಅಕ್ಕ ಸತ್ಯವ್ವ ಅವ್ವನ ಕಾಲ ಬಳಿ ಕೂತಿದ್ದಳು. ಅಳುತ್ತಿರಲಿಲ್ಲ. ಕೂಲಿ ಮಾಡಿ ಮಾಡಿ ಒರಟಾದ ಅಂಗೈಯಿಂದ ಅವ್ವನ ಪಾದ ಒತ್ತುತ್ತ, ತಲೆ ಎತ್ತದೆ ಕೇಳಿದಳು: "ಫೋಟೋ ತಗಿಯಾಂವನ್ನ ಕರಸಬೇಕೇನೋ ತಮ್ಮಾ? ಇಲ್ಲಾ ನೀ ಮೊನ್ನೆ ತಗದದ್ದ ಸಾಕೋ?"

ಅಕ್ಕನಿಗೂ ಅವನಿಗೂ ನಡುವೆ ನಾಲ್ಕು ಅಡಿ. ಒಂದೇ ಒಂದು ಮಾತು ಸಾಕಿತ್ತು. ಅಕ್ಕಾ, ನಾ ತೆಗೆದಿಲ್ಲ ಎಂದು ಹೇಳಬಹುದಿತ್ತು. ಅದು ಬಾಯಿಗೆ ಬಾರದಿದ್ದರೆ, ಅದೂ ಇರಲಿ ಇದೂ ಇರಲಿ, ಕರೆಸು ಎಂದಾದರೂ ಅನ್ನಬಹುದಿತ್ತು. ತಪ್ಪೊಪ್ಪಿಗೆಯ ಗೊಡವೆಯೇ ಇರುತ್ತಿರಲಿಲ್ಲ. ಆದರೆ ಅವನ ತಲೆ ಆಗಲೇ ಮುಂದೆ ಓಡಿತ್ತು. ಟಿಕೋಟಾಕ್ಕೆ ಫೋಟೋ ತೆಗೆಯಲು ಬರುವವನು ವಿಜಾಪುರದ ಯಲಗೂರಪ್ಪ. ಯೂನಿಟ್ಟಿನ ಸ್ಟಿಲ್‌ಗಳನ್ನು ತೊಳೆದು ಕೊಡುವವನೂ ಅವನೇ. ದಿನಾ ಸಂಜೆ ಅವನ ಸ್ಟುಡಿಯೋಕ್ಕೆ ಪ್ರಲ್ಹಾದರಾಯರು ಹೋಗಿ ಕೂಡುತ್ತಾರೆ. ಮಗನಾದವನು ಹೆಣದ ಪಕ್ಕ, ಭುಜ ಹಿಡಿದುಕೊಂಡು ನಿಲ್ಲಬೇಕು. ನಾಳೆ ಆ ಫೋಟೋ ಒಣಗಲು ಹಗ್ಗಕ್ಕೆ ತೂಗುತ್ತಿರುವಾಗ ರಾಯರು ಚಾ ಕುಡಿಯುತ್ತ ಅದನ್ನು ನೋಡುತ್ತಾರೆ. ಹಿಂದೆ ಆ ಮನೆ, ಆ ಓಣಿ, ನಡುವೆ ಬಾವಿಯ ಮುದುಕಿ, ಪಕ್ಕದಲ್ಲಿ ಟಿಕೋಟೇಕರ.

"ಸಾಕು" ಎಂದ.

ಸತ್ಯವ್ವ ಪಾದ ಒತ್ತುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಆಮೇಲೆ, "ಹಂಗಾದ್ರ ಪರಸಪ್ಪಕಾಕಾನ ಸಂಗಾಟ ಹೋಗಿ ಕುಣಿ ಅಗದದ್ದು ನೋಡ್ಕೊಂಡು ಬಾ. ಮಗಾ ನೋಡಬೇಕದನ್ನ" ಎಂದಳು.

ಊರ ಹೊರಗೆ ಹಳ್ಳದ ದಂಡೆಯಲ್ಲಿ ಇಬ್ಬರು ಕುಣಿ ಅಗೆಯುತ್ತಿದ್ದರು. ಮೇಲೆ ಕರಿಮಣ್ಣು, ಕೆಳಗೆ ಕಲ್ಲು ಬೆರೆತ ಗರಸು. ಗರಸು ಗಟ್ಟಿ ಇದೆಯೆಂದು ಹೊತ್ತು ಹಿಡಿಯಿತು. ಅಂಬಾದಾಸ ಜಾಲಿಯ ನೆರಳಿನಲ್ಲಿ ನಿಂತು ಹೊತ್ತು ನೋಡುತ್ತಿದ್ದ. ಈಗ ಎರಡು ಗಂಟೆ. ದಾವಲಸಾಬನನ್ನು ಕಳಿಸಿದರೂ ಮೂರೂವರೆಗೆ ಯಲಗೂರಪ್ಪ ಬಂದಾನು. ನಾಲ್ಕರವರೆಗೂ ಬೆಳಕು ಚೆನ್ನಾಗಿರುತ್ತದೆ. ಹೇಳಿಬಿಡಲೇ? ಪರಸಪ್ಪನ ಕಡೆ ತಿರುಗಿ "ಕಾಕಾ" ಎಂದ. ಮುದುಕ "ಏನಪಾ" ಎಂದ. "ಗರಸು ಭಾಳ ಗಟ್ಟಿ ಐತಿ" ಎಂದ ಅಂಬಾದಾಸ. ಹದಿನಾರು ವರ್ಷ ಊರವರ ಹೆಂಡಂದಿರು, ಊರವರ ತಾಯಂದಿರು, ಬಣ್ಣ ಬಳಿದ ಅವ್ವಂದಿರು, ಎಷ್ಟು ಸಾವಿರ ಅಡಿ ಫಿಲ್ಮು! ಅದರಲ್ಲಿ ತನ್ನ ಅವ್ವನದು ಒಂದು ಅಡಿಯಿಲ್ಲ. ಇನ್ನು ಮುಂದೆ ಅವಳ ಮುಖ ನೋಡಬೇಕೆಂದರೆ ಇವನ ತಲೆಯೊಂದೇ ಉಳಿಯಿತು. ಅದು ಎಂಥ ತಲೆ ಎಂಬುದು ಅವನಿಗೆ ಗೊತ್ತಿತ್ತು. ಎರಡು ಮೂರು ವರ್ಷಕ್ಕೆ ಅದರಲ್ಲಿ ಎಲ್ಲವೂ ಮಸುಕಾಗುತ್ತದೆ. ತಂದೆಯ ಮುಖ ಈಗಾಗಲೇ ಹೋಗಿತ್ತು, ರುಮಾಲು ಮಾತ್ರ ನೆನಪಿತ್ತು. ಅವ್ವನನ್ನು ಎರಡು ಸಲ ಕಳೆದೆ ಎಂದುಕೊಂಡ. ಆಗ ಅಳು ಬಂತು. ಕುಣಿ ಅಗೆಯುವವರು ಸುಮ್ಮನೆ ತಲೆ ತಗ್ಗಿಸಿ ಗುದ್ದಲಿ ಹಾಕಿದರು.

ಹೊಳ್ಳಿ ಬರುವಾಗ ಮೂರು ದಾಟಿತ್ತು. ಅವ್ವನನ್ನು ಹೊರಗೆ, ಅಂಗಳದ ಬೇವಿನ ಕೆಳಗೆ ಕುರ್ಚಿಯ ಮೇಲೆ ಕೂರಿಸಿದ್ದರು. ಹಿಂದೆ ಎರಡು ಗಳಕ್ಕೆ ಬಿಳಿ ಧೋತರ ಕಟ್ಟಿದ್ದರು. ಅವನ ಕಣ್ಣು ಬೇಡವೆಂದರೂ ನೋಡಿತು: ಸರಿಯಾದ ಜಾಗ. ಮೇಲೆ ನೆರಳು, ಎದುರಿನ ಸುಣ್ಣದ ಗೋಡೆಯಿಂದ ಹೊಳ್ಳಿ ಬಂದ ಬೆಳಕು ನೇರ ಮುಖದ ಮೇಲೆ. ತಾನಾದರೂ ಅಲ್ಲಿಯೇ ಕೂರಿಸುತ್ತಿದ್ದೆ ಎನ್ನಿಸಿತು. ಜನರು ಕೊನೆಯ ಸಲ ನೋಡಲಿ ಎಂದು ಹೊರಗೆ ತಂದಿದ್ದಾರೆ ಎಂದುಕೊಂಡ. ಗದ್ದದ ಕಟ್ಟು ಬಿಚ್ಚಿದ್ದರು, ಬಾಯಿ ತುಸು ತೆರೆದಿತ್ತು. ಅರ್ಧ ತೆರೆದ ಕಣ್ಣು ಎದುರಿಗೆ ನೋಡುತ್ತಿದ್ದವು. ಅಂಬಾದಾಸ ಆ ನೋಟದ ದಾರಿಯಿಂದ ಪಕ್ಕಕ್ಕೆ ಸರಿದು ನಿಂತ.

ಮಣ್ಣು ಮುಗಿಸಿ, ಹಳ್ಳದಲ್ಲಿ ಕೈಕಾಲು ತೊಳೆದು ಬಂದು, ಅವ್ವ ಕೂತಿದ್ದ ಗೋಡೆಯ ಬುಡದಲ್ಲಿ ಹಚ್ಚಿಟ್ಟ ದೀಪ ನೋಡಿ ಎಲ್ಲರೂ ಹೊರಬಿದ್ದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಒಳಗೆ ಅಕ್ಕ ತಮ್ಮ ಇಬ್ಬರೇ ಉಳಿದರು. ಅಂಬಾದಾಸ ನೆಲ ನೋಡುತ್ತ, ಇಡೀ ದಿನ ಆಡದೆ ಉಳಿದದ್ದನ್ನು ಕೊನೆಗೂ ಆಡಿದ. "ಅಕ್ಕಾ, ಅವ್ವಂದು ನಾ ತಗದಿಲ್ಲ. ಅಕಿನ್ನ ಸರಸ್ರಿ ಅಂತ ನಾನ ಅಂದೆ."

"ಗೊತ್ತೈತಿ" ಎಂದಳು ಸತ್ಯವ್ವ. "ಅವತ್ತ ರಾತ್ರಿ ಅವ್ವ ನನಗೊಬ್ಬಾಕಿಗೆ ಹೇಳಿದ್ಲು. ಅಂವಂದೇನೂ ತಪ್ಪಿಲ್ಲ, ನಾನ ಕ್ಯಾಮೆರಾ ನೋಡಿದೆ ಅಂದ್ಲು. ನಿನ್ನೀತನಕಾ ಅದನ್ನ ಅಂದ್ಲು."

ಅವನು ಉಗುರಿನ ಸಂದಿಯಲ್ಲಿ ಉಳಿದ ಕರಿಮಣ್ಣು ಕೆರೆದ.

"ಫೋಟೋ ತಗಸೇನಿ" ಎಂದಳು ಅವಳು. "ಯಲಗೂರಪ್ಪ ಮುಂಜಾನಿ ಬಸ್ಸಿಗೇ ಬಂದಿದ್ದ. ಮಗಾ ಬರ್ಲಿ, ಮಗನ್ನ ಬಾಜೂಕ ನಿಂದರಿಸಿ ತಗಸೋಣು ಅಂತ ನಾನ ಅವನ್ನ ಮಲಕಾಜಪ್ಪನ ಚಾದಂಗಡ್ಯಾಗ ಕುಂಡ್ರಿಸಿದ್ದೆ. ನಿನ್ನ ಕುಣಿ ನೋಡಾಕ ಕಳಿಸಿ ಕರಸಿದೆ."

"ನನಗ ಒಂದ ಮಾತು ಹೇಳಬಾರದಿತ್ತೇನ ಅಕ್ಕಾ? ನನ್ನ ಯಾಕ ಕರೀಲಿಲ್ಲ?"

"ಕೇಳಿದ್ನಲ್ಲೋ ತಮ್ಮಾ. ಸಾಕು ಅಂದಿ."

ಹೊರಗೆ ದಾವಲಸಾಬ ವ್ಯಾನಿನ ಗಾಜು ಒರೆಸುತ್ತಿದ್ದ. ಸತ್ಯವ್ವ ಅವನ ಕಡೆ ಕೈ ಮಾಡಿ ಹೇಳಿದಳು. "ಮಗನ ಜಾಗಾದಾಗ ಅಂವ ನಿಂತಾನ. ಅವ್ವನ ರೊಟ್ಟಿ ಗಂಟು ಹಿಡಿದಾಂವ, ನಿಂದ್ರೋ ಅಪ್ಪಾ ಅಂದೆ. ಮಗಾ ಎಲ್ಲಿ ಅಂತ ಕೇಳಿದ ಯಲಗೂರಪ್ಪ. ಸಣ್ಣಾಂವ ಇದ್ದಾಗನ ಹೋದಾ ಅಂದೆ."

ಅಂಬಾದಾಸ ದೀಪ ನೋಡಿದ. ಕೊಲ್ಲಾಪುರದಲ್ಲಿ ತಾಯಿಯ ಬಗ್ಗೆ ತಾನು ಆಡಿದ ಮಾತು ಅಕ್ಕನಿಗೆ ಗೊತ್ತಿರಲಿಕ್ಕೆ ಸಾಧ್ಯವಿರಲಿಲ್ಲ. ಸತ್ಯವ್ವ ಎದ್ದು ದೀಪಕ್ಕೆ ಎಣ್ಣೆ ಹಾಕಿದಳು. ಬತ್ತಿ ಮುಂದೂಡಿ, ಬೆರಳು ತಲೆಗೆ ಒರೆಸಿಕೊಂಡಳು.

"ಎಲ್ಲಾರೂ ಕ್ಯಾಮೆರಾ ನೋಡ್ರಿ ಅಂದ ಯಲಗೂರಪ್ಪ" ಎಂದಳು. "ಅವ್ವನ ಕಣ್ಣು ತೆರದಿದ್ವಲ್ಲ, ಅಕೀನೂ ನೋಡ್ಯಾಳ. ಅಕಿನ್ನ ಯಾರೂ ಸರಸ್ರಿ ಅನಲಿಲ್ಲ."